ಯುದ್ಧ ಗೆಲ್ಲಲು ಸರ್ವಾಧಿಕಾರಿ ಬೇಕೇ? ಗಂಗಾವತಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ದೊಡ್ಡಪ್ಪ ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು, 1971ರ ಯುದ್ಧ ಕಂಡವರು. "ಯುದ್ಧದ ಕಾಲದಲ್ಲಿ ದೇಶ ಒಬ್ಬನ ಕೈಯಲ್ಲಿರಬೇಕು. ಹತ್ತು ಜನ ಕೂತು ಚರ್ಚೆ ಮಾಡಿದರೆ ಶತ್ರು ಮನೆಯೊಳಗೆ ಬಂದಿರುತ್ತಾನೆ. ಹಿಟ್ಲರ್ ಸೋತದ್ದು ರಷ್ಯಾದ ಚಳಿಗೆ, ಇಲ್ಲವಾದರೆ ಲೋಕವನ್ನೇ ಗೆಲ್ಲುತ್ತಿದ್ದ" ಎನ್ನುತ್ತಾರೆ. ನನ್ನ ಮಗಳಿಗೆ ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ಚರ್ಚಾ ಸ್ಪರ್ಧೆ ಇದೆ, ಅವಳು ದೊಡ್ಡಪ್ಪನ ಮಾತಿಗೆ ವಿರುದ್ಧವಾಗಿ ಮಾತನಾಡಬೇಕು. ಅಷ್ಟೊಂದು ಅಧಿಕಾರ ಕೈಯಲ್ಲಿದ್ದವರ ಸೇನೆಯೂ ಹಣಕಾಸೂ ಯುದ್ಧದಲ್ಲಿ ಏಕೆ ಕುಸಿಯುತ್ತವೆ? ಹಾಗೆ ಕುಸಿಯುವುದೇ ನಿಯಮವಾದರೆ ಸ್ಟಾಲಿನ್ ಹೇಗೆ ಗೆದ್ದ?

ಉತ್ತರ: ನಿಮ್ಮ ಪತ್ರದ ಹಿಂದಿರುವ ಆತಂಕ ನನಗೆ ಅರ್ಥವಾಗುತ್ತದೆ. ಮನೆಯ ಹಿರಿಯರನ್ನು, ಅದರಲ್ಲೂ ಯುದ್ಧ ಕಂಡು ಬಂದವರನ್ನು, ಪುಸ್ತಕ ಹಿಡಿದು ಎದುರಿಸುವುದು ಸುಲಭವಲ್ಲ. ಬಳ್ಳಾರಿಯಲ್ಲಿ ಬಹುಕಾಲ ಆಧುನಿಕ ಇತಿಹಾಸ ಕಲಿಸಿದ್ದೇನೆ, ಯುದ್ಧಕಾಲದ ಆರ್ಥಿಕತೆ ನನ್ನ ಅಧ್ಯಯನದ ವಿಷಯ. ಈ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಒಬ್ಬನಾದರೂ ಇರುತ್ತಿದ್ದ. ಅದನ್ನು ತಳ್ಳಿಹಾಕುವ ಪ್ರಶ್ನೆ ಎಂದು ನಾನು ಯಾವತ್ತೂ ತಿಳಿದಿಲ್ಲ.

ನಿಮ್ಮ ದೊಡ್ಡಪ್ಪನವರ ಮಾತಿನಲ್ಲಿ ನಿಜ ಇದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಯಾರನ್ನೂ ಕೇಳಬೇಕಾಗಿಲ್ಲದವನು ಮೊದಲ ಏಟನ್ನು ಚೆನ್ನಾಗಿ ಹೊಡೆಯಬಲ್ಲ. 1940ರ ಮೇ 10ರಂದು ಪಶ್ಚಿಮಕ್ಕೆ ನುಗ್ಗಿದ ಜರ್ಮನ್ ಸೇನೆಯ ಮುಂದೆ ಫ್ರಾನ್ಸ್ ಆರು ವಾರಗಳಲ್ಲಿ ಮಂಡಿಯೂರಿತು. ಯುದ್ಧ ಆರು ವಾರಗಳಲ್ಲಿ ಮುಗಿಯುವಂತಿದ್ದರೆ ಸರ್ವಾಧಿಕಾರಿಗಳ ದಾಖಲೆ ಅಷ್ಟೇನೂ ಕೆಟ್ಟದ್ದಲ್ಲ. ಯುದ್ಧ ಎರಡನೆಯ ವರ್ಷಕ್ಕೆ ಕಾಲಿಟ್ಟಾಗ, ಮೊದಲು ಹಾಕಿದ ಲೆಕ್ಕ ತಪ್ಪಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕಾಗಿ ಬಂದಾಗ, ತೊಂದರೆ ಶುರುವಾಗುತ್ತದೆ.

ಈಗ ಚಳಿಯ ಮಾತು. ರಷ್ಯಾದ ಚಳಿ ಎರಡೂ ಕಡೆಯವರಿಗೆ ಒಂದೇ ಆಗಿತ್ತು. ಜರ್ಮನಿ 1941ರ ಜೂನ್ 22ರಂದು ದಾಳಿ ಆರಂಭಿಸಿದಾಗ ಚಳಿಗಾಲಕ್ಕೆ ಮುಂಚೆಯೇ ಸೋವಿಯತ್ ಸೇನೆಯ ಕಥೆ ಮುಗಿಯುತ್ತದೆ ಎಂಬುದೇ ಯೋಜನೆಯ ತಳಹದಿಯಾಗಿತ್ತು. ಆ ತಳಹದಿಯನ್ನು ಪ್ರಶ್ನಿಸಿ ಇಡೀ ಸೇನೆಗೆ ಉಣ್ಣೆಯ ಬಟ್ಟೆ ಹೊಂದಿಸಿ ಎಂದು ಪಟ್ಟು ಹಿಡಿಯುವವರು ಮೇಲಿನ ಹಂತದಲ್ಲಿ ಇರಲಿಲ್ಲ. ಡಿಸೆಂಬರ್ ಮೂರನೆಯ ವಾರ ಮುಗಿಯುವಾಗ ಪ್ರಚಾರ ಸಚಿವ ಗೊಬೆಲ್ಸ್ ರೇಡಿಯೊದಲ್ಲಿ ಜರ್ಮನ್ ಗೃಹಿಣಿಯರ ಮುಂದೆ ಕೈಯೊಡ್ಡಿದ. ಮನೆಯಲ್ಲಿರುವ ತುಪ್ಪಳದ ಕೋಟು, ಉಣ್ಣೆಯ ಕೈಗವಸುಗಳನ್ನು ಸೈನಿಕರಿಗೆ ಕೊಡಿ ಎಂದು ಕೇಳಿದ. ಅಷ್ಟರಲ್ಲಿ ಮಾಸ್ಕೋ ಎದುರಿನ ಹಿಮ್ಮೆಟ್ಟುವಿಕೆ ಆರಂಭವಾಗಿ ಎರಡು ವಾರ ಕಳೆದಿತ್ತು. ಇನ್ನೊಂದು ಸಂಗತಿ: ಯಂತ್ರಬಲದ ಸೇನೆ ಎಂದು ಸಿನಿಮಾಗಳಲ್ಲಿ ನಾವು ನೋಡುವ ಆ ಸೇನೆ ಗಡಿ ದಾಟಿದ್ದು ಆರು ಲಕ್ಷಕ್ಕೂ ಹೆಚ್ಚು ಕುದುರೆಗಳ ಜೊತೆ. ಫಿರಂಗಿ ಎಳೆಯುವುದಕ್ಕೂ ಗಾಡಿ ಎಳೆಯುವುದಕ್ಕೂ ಅವೇ ಬೇಕಾಗಿದ್ದವು.

"ಒಬ್ಬನೇ ಇದ್ದರೆ ತೀರ್ಮಾನ ಬೇಗ ಆಗುತ್ತದೆ" ಎಂಬ ಎರಡನೆಯ ನಂಬಿಕೆಗೆ 1944ರ ಜೂನ್ 6 ಉತ್ತರ ಹೇಳುತ್ತದೆ. ಅಂದು ಬೆಳಗ್ಗೆ ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿಯ ಕಡಲ ತೀರದಲ್ಲಿ ಇಳಿಯಿತು. ಅದನ್ನು ನೀರಿನ ಅಂಚಿನಲ್ಲೇ ತಡೆಯಬಹುದಾಗಿದ್ದ ಮೀಸಲು ಟ್ಯಾಂಕ್ ದಳಗಳನ್ನು ಕದಲಿಸಲು ಹಿಟ್ಲರನ ಅಪ್ಪಣೆಯೇ ಬೇಕಿತ್ತು. ಹಿಟ್ಲರ್ ಮಲಗಿದ್ದ, ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅಪ್ಪಣೆ ಸಿಕ್ಕಿದ್ದು ಮಧ್ಯಾಹ್ನ ಕಳೆದ ಮೇಲೆ. ಎಲ್ಲ ಅಧಿಕಾರವೂ ಒಬ್ಬನಲ್ಲಿದ್ದಾಗ ಅವನ ನಿದ್ದೆ, ಅವನ ಕಾಯಿಲೆ, ಅವನ ಕೋಪ, ಇವೆಲ್ಲ ಸೇನೆಯ ವೇಗವನ್ನು ನಿರ್ಧರಿಸುತ್ತವೆ.

ಇಷ್ಟೂ ಮೇಲ್ನೋಟಕ್ಕೆ ಕಾಣುವ ಲಕ್ಷಣಗಳು. ಮೂಲ ಕಾರಣ ನಿಮ್ಮ ವೃತ್ತಿಯವರಿಗೆ ಬೇಗ ಹೊಳೆಯುತ್ತದೆ. ಗೋದಾಮಿನಲ್ಲಿ ಭತ್ತ ಕಡಿಮೆ ಇದೆ ಎಂದು ಹೇಳಿದ ಗುಮಾಸ್ತನನ್ನು ಮಾಲೀಕ ಕೆಲಸದಿಂದ ತೆಗೆದರೆ, ಮುಂದಿನ ತಿಂಗಳು ಪುಸ್ತಕದಲ್ಲಿ ಭತ್ತ ತುಂಬಿ ತುಳುಕುತ್ತಿರುತ್ತದೆ. ಮಾಲೀಕ ಆ ಪುಸ್ತಕ ನಂಬಿ ಲಾರಿಗಳಿಗೆ ಮುಂಗಡ ಕೊಡುತ್ತಾನೆ. ಸರ್ವಾಧಿಕಾರದಲ್ಲಿ ಯುದ್ಧ ಕೆಡುವುದು ಹೀಗೆಯೇ. ಕೆಟ್ಟ ಸುದ್ದಿ ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ ಮುಚ್ಚಿರುತ್ತದೆ. ಉಳಿದ ದೋಷಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ನಮ್ಮ ಭಾಗದವರಿಗೆ ಹತ್ತಿರವಾಗುವ ಒಂದು ಉದಾಹರಣೆ ಕೊಡುತ್ತೇನೆ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಜೊತೆಗೆ ಮ್ಯಾಂಗನೀಸ್ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮ್ಯಾಂಗನೀಸ್ ಇಲ್ಲದೆ ಒಳ್ಳೆಯ ಉಕ್ಕು ಇಲ್ಲ, ಉಕ್ಕಿಲ್ಲದೆ ಟ್ಯಾಂಕು ಇಲ್ಲ. ಜರ್ಮನಿಗೆ ಈ ಅದಿರು ಉಕ್ರೇನಿನ ನಿಕೋಪೋಲ್ ಗಣಿಗಳಿಂದ ಬರುತ್ತಿತ್ತು. 1943ರ ಕೊನೆಯಲ್ಲಿ ಸೋವಿಯತ್ ಸೇನೆ ಹತ್ತಿರ ಬಂದಾಗ, ನಿಕೋಪೋಲ್ ಕೈಬಿಟ್ಟರೆ ಕೆಲವೇ ತಿಂಗಳುಗಳಲ್ಲಿ ಶಸ್ತ್ರಾಸ್ತ್ರ ತಯಾರಿಕೆ ನಿಂತುಹೋಗುತ್ತದೆ ಎಂದು ಹಿಟ್ಲರ್ ಹಟ ಹಿಡಿದ. ಸೇನಾ ತುಕಡಿಗಳು ಅಪಾಯದ ಜಾಗದಲ್ಲಿ ಸಿಕ್ಕಿಕೊಂಡವು. ಯುದ್ಧ ಸಾಮಗ್ರಿ ಸಚಿವ ಆಲ್ಬರ್ಟ್ ಸ್ಪೀಯರ್ ಲೆಕ್ಕ ತೆಗೆಸಿ ನೋಡಿದಾಗ ದಾಸ್ತಾನು ಹೆಚ್ಚುಕಡಿಮೆ ಒಂದು ವರ್ಷಕ್ಕೆ ಸಾಕಾಗುವಷ್ಟಿತ್ತು. ಆ ಟಿಪ್ಪಣಿಯನ್ನು ಅವನು ಸೇನೆಯ ಮುಖ್ಯಸ್ಥ ಜೈಟ್ಸ್ಲರನಿಗೆ ಕಳಿಸಿದ. ಸಂಗತಿ ತಿಳಿದಾಗ ಹಿಟ್ಲರ್ ಸಿಟ್ಟಾದದ್ದು ತಪ್ಪು ಲೆಕ್ಕ ಹೇಳಿದವರ ಮೇಲಲ್ಲ. ಸರಿಯಾದ ಲೆಕ್ಕವನ್ನು ತನ್ನನ್ನು ಬಿಟ್ಟು ಸೇನಾಧಿಕಾರಿಗೆ ಕೊಟ್ಟದ್ದಕ್ಕೆ ಸ್ಪೀಯರನ ಮೇಲೆ ಹರಿಹಾಯ್ದ. 1944ರ ಫೆಬ್ರುವರಿಯಲ್ಲಿ ನಿಕೋಪೋಲ್ ಹೇಗೂ ಕೈತಪ್ಪಿತು. ಅದನ್ನು ಹಿಡಿದಿಡಲು ಹೋಗಿ ಸತ್ತ ಸೈನಿಕರ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಅವರು ಯಾವ ಪಕ್ಷದವರೇ ಆಗಿರಲಿ.

ಜಪಾನಿನಲ್ಲಿ ಒಬ್ಬನೇ ಸರ್ವಾಧಿಕಾರಿ ಇರಲಿಲ್ಲ, ಮಿಲಿಟರಿ ಕೂಟದ ಆಳ್ವಿಕೆ ಇತ್ತು. ರೋಗ ಮಾತ್ರ ಅದೇ. 1944ರ ಅಕ್ಟೋಬರಿನಲ್ಲಿ ತೈವಾನ್ ಬಳಿಯ ವಿಮಾನ ಕಾಳಗದಿಂದ ಮರಳಿದ ಪೈಲಟ್‌ಗಳು ಅಮೆರಿಕದ ಹತ್ತಕ್ಕೂ ಹೆಚ್ಚು ವಿಮಾನವಾಹಕ ಹಡಗುಗಳನ್ನು ಮುಳುಗಿಸಿದೆವು ಎಂದು ವರದಿ ಕೊಟ್ಟರು. ದೇಶವೆಲ್ಲ ಸಂಭ್ರಮಿಸಿತು. ನಿಜದಲ್ಲಿ ಒಂದೂ ಮುಳುಗಿರಲಿಲ್ಲ. ನೌಕಾಪಡೆಗೆ ಬೇಗನೆ ಅನುಮಾನ ಬಂದರೂ ಅದನ್ನು ಭೂಸೇನೆಗೆ ತಿಳಿಸಲಿಲ್ಲ. ಸುಳ್ಳು ಗೆಲುವನ್ನು ನಂಬಿದ ಭೂಸೇನೆ, ಫಿಲಿಪ್ಪೀನ್ಸಿನ ಲುಜಾನ್ ದ್ವೀಪದಲ್ಲಿ ಕಾದು ಹೋರಾಡುವ ತನ್ನ ಯೋಜನೆ ಬದಲಿಸಿ ಲೇತೆ ದ್ವೀಪಕ್ಕೆ ಸೈನಿಕರನ್ನು ಹಡಗು ಹತ್ತಿಸಿತು. ಆ ಕಡಲಿನಲ್ಲಿ ಅಮೆರಿಕದ ನೌಕಾಬಲ ಇದ್ದ ಹಾಗೆಯೇ ಇತ್ತು.

ದೊಡ್ಡಪ್ಪನವರು ತಾವೇ ಕಂಡ ಯುದ್ಧವನ್ನು ಇದರ ಪಕ್ಕದಲ್ಲಿಟ್ಟು ನೋಡಲಿ. 1971ರಲ್ಲಿ ಪಾಕಿಸ್ತಾನದ ಯಾಹ್ಯಾ ಖಾನ್ ರಾಷ್ಟ್ರಾಧ್ಯಕ್ಷ, ಸೇನಾ ಮುಖ್ಯಸ್ಥ, ಸೇನಾಡಳಿತದ ಮುಖ್ಯಸ್ಥ, ಎಲ್ಲವೂ ತಾನೇ ಆಗಿದ್ದ. ಢಾಕಾದಿಂದ ಅವನ ಕಿವಿಗೆ ಬೀಳಬೇಕಾದ ಮಾತುಗಳು ಬೀಳಲಿಲ್ಲ. ಚುನಾವಣೆಯಲ್ಲಿ ಬಹುಮತ ಪಡೆದ ಪಕ್ಷದ ನಾಯಕ ಜೈಲಿನಲ್ಲಿದ್ದ. ಈ ಕಡೆ ದೆಹಲಿಯಲ್ಲಿ ಏಪ್ರಿಲ್ ತಿಂಗಳಲ್ಲೇ ಯುದ್ಧಕ್ಕೆ ಹೊರಡಬಹುದೇ ಎಂಬ ಮಾತು ಬಂದಾಗ ಸೇನಾ ಮುಖ್ಯಸ್ಥ ಮಾಣೆಕ್ ಶಾ ಈಗ ಸಾಧ್ಯವಿಲ್ಲ ಎಂದರು. ಮಳೆಗಾಲದಲ್ಲಿ ಪೂರ್ವ ಬಂಗಾಳದ ನದಿಗಳು ಸಮುದ್ರವಾಗುತ್ತವೆ, ಹಿಮಾಲಯದ ಕಣಿವೆ ದಾರಿಗಳು ಹಿಮದಿಂದ ಮುಚ್ಚುವವರೆಗೆ ಚೀನಾದ ಭಯವೂ ಇರುತ್ತದೆ, ಸಮಯ ಬೇಕು ಎಂದು ಪ್ರಧಾನಿ ಇಂದಿರಾ ಗಾಂಧಿಯವರ ಮುಂದೆಯೇ ಹೇಳಿದ್ದಾಗಿ ಅವರು ನಂತರ ನೆನೆಸಿಕೊಂಡಿದ್ದಾರೆ. ಅವರ ಕೆಲಸ ಹೋಗಲಿಲ್ಲ, ಕೇಳಿದ ಸಮಯ ಸಿಕ್ಕಿತು. ಡಿಸೆಂಬರ್ 3ರಂದು ಆರಂಭವಾದ ಯುದ್ಧ 16ರಂದು ಮುಗಿಯಿತು, ಸುಮಾರು 93,000 ಮಂದಿ ಸೆರೆಯಾದರು. ಬೇಡ ಎಂದು ಹೇಳಬಲ್ಲ ಸೇನಾಪತಿಯೊಬ್ಬ ಇದ್ದದ್ದು ಆ ಗೆಲುವಿನ ಒಂದು ದೊಡ್ಡ ಕಾರಣ.

ಸರ್ವಾಧಿಕಾರಿ ದಡ್ಡನೇ, ತನಗೆ ನಿಜ ಬೇಕು ಎಂದು ಅವನಿಗೆ ತಿಳಿಯುವುದಿಲ್ಲವೇ ಎಂದು ನಿಮ್ಮ ಮಗಳು ಕೇಳಬಹುದು. ತಿಳಿಯುತ್ತದೆ. ಆದರೆ ಅವನಿಗೆ ಗಡಿಯಾಚೆಗಿನ ಶತ್ರುವಿಗಿಂತ ಮೊದಲು ಕಾಣುವುದು ತನ್ನದೇ ಸೇನೆ. ಸಮರ್ಥ, ಜನಪ್ರಿಯ ಸೇನಾಪತಿ ನಾಳೆ ದಂಗೆ ಎದ್ದರೆ ತನ್ನ ತಲೆ ಉಳಿಯುವುದಿಲ್ಲ ಎಂಬ ಭಯ ಅವನನ್ನು ಬಿಡುವುದಿಲ್ಲ, ಆ ಭಯಕ್ಕೆ ಆಧಾರವೂ ಇರುತ್ತದೆ. ಆದ್ದರಿಂದ ಸಮರ್ಥರನ್ನು ದೂರವಿಟ್ಟು ನಿಷ್ಠರನ್ನು ಮೇಲಕ್ಕೆ ತರುತ್ತಾನೆ. ಒಂದೇ ಸೇನೆ ಇರಬೇಕಾದಲ್ಲಿ ಎರಡು ಮೂರು ಕಟ್ಟಿ, ಒಂದು ಇನ್ನೊಂದರ ಮೇಲೆ ಕಣ್ಣಿಡುವಂತೆ ಮಾಡುತ್ತಾನೆ. ಹಿಟ್ಲರನಿಗೆ ಎಸ್‌ಎಸ್ ಎಂಬ ನಾಜಿ ಪಕ್ಷದ ಪಡೆ ಇತ್ತು, ಇರಾಕಿನ ಸದ್ದಾಂ ಹುಸೇನನಿಗೆ ರಿಪಬ್ಲಿಕನ್ ಗಾರ್ಡ್ ಎಂಬ ನಿಷ್ಠರ ಪಡೆ ಇತ್ತು. ಗದ್ದುಗೆ ಕಾಯಲು ಮಾಡಿಕೊಂಡ ಈ ಏರ್ಪಾಡೇ ಯುದ್ಧಭೂಮಿಯಲ್ಲಿ ಸೇನೆಯ ಕೈಕಾಲು ಕಟ್ಟುತ್ತದೆ. ಸ್ಟಾಲಿನ್ 1937–38ರಲ್ಲಿ ತನ್ನ ಐವರು ಮಾರ್ಷಲ್‌ಗಳಲ್ಲಿ ಮೂವರನ್ನು ಬಲಿ ತೆಗೆದುಕೊಂಡ. ಮರುವರ್ಷ ಪುಟ್ಟ ಫಿನ್ಲೆಂಡಿನ ಮೇಲೆ ಬಿದ್ದ ಸೋವಿಯತ್ ಸೇನೆ ಮೂರು ತಿಂಗಳು ಹಿಮದಲ್ಲಿ ಏಟು ತಿಂದಿತು. 1941ರಲ್ಲಿ ಜರ್ಮನಿ ದಾಳಿಗೆ ಸಜ್ಜಾಗುತ್ತಿದೆ ಎಂದು ಟೋಕಿಯೊದಲ್ಲಿದ್ದ ಅವನದೇ ಗೂಢಚಾರ ಸೋರ್ಗೆ ಎಚ್ಚರಿಸಿದರೂ ಅವನು ನಂಬಲಿಲ್ಲ.

ರಾಯಚೂರು, ಕೊಪ್ಪಳದ ಜನ ಇದರ ಒಂದು ಸಣ್ಣ ರೂಪವನ್ನು ಮನೆಯಂಗಳದಲ್ಲೇ ಕಂಡಿದ್ದಾರೆ. ನಿಜಾಮ ಸರ್ವಾಧಿಕಾರಿ ಎಂಬ ಪದದ ಇಂದಿನ ಅರ್ಥಕ್ಕೆ ಪೂರ್ತಿ ಹೊಂದುವುದಿಲ್ಲ, ಆದರೆ ಪ್ರಜೆಗಳಿಗೆ ಉತ್ತರ ಕೊಡಬೇಕಾಗಿಲ್ಲದ ದೊರೆಯಂತೂ ಹೌದು. 1937ರಲ್ಲೇ ಲೋಕದ ಅತಿ ಶ್ರೀಮಂತ ಎಂದು ಹೆಸರಾದವರು. ಅವರ ಸಂಸ್ಥಾನದಲ್ಲಿ ಜನರಲ್ ಎಲ್ ಎಡ್ರೂಸ್ ಕೈಕೆಳಗಿನ ಸೇನೆ ಒಂದು ಕಡೆ, ಕಾಸಿಂ ರಜ್ವಿಯ ರಜಾಕಾರರು ಇನ್ನೊಂದು ಕಡೆ. ದೆಹಲಿಯ ಕೆಂಪು ಕೋಟೆಯ ಮೇಲೆ ಆಸಫ್ ಜಾಹಿ ಬಾವುಟ ಹಾರಿಸುತ್ತೇವೆ ಎಂಬ ಅಬ್ಬರ ಬೇರೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಾಲ್ಕೂ ಕಡೆಯಿಂದ ಹೊರಟಿತು. ಹೊಸಪೇಟೆಯ ಕಡೆಯಿಂದ ಬಂದ ತುಕಡಿ ತುಂಗಭದ್ರೆಯ ಸೇತುವೆಯನ್ನು ಮೊದಲೇ ಹಿಡಿದುಕೊಂಡಿತು. ಐದನೆಯ ದಿನಕ್ಕೆ ಎಲ್ಲ ಮುಗಿದು ನಿಜಾಮರು ಕದನ ನಿಲ್ಲಿಸಿದರು. ಆ ರಜಾಕಾರರು ಹಳ್ಳಿಗಳಲ್ಲಿ ನಿರಾಯುಧ ಜನರ ಮೇಲೆ ನಡೆಸಿದ ದೌರ್ಜನ್ಯವನ್ನು ಕೊಪ್ಪಳದ ಹಿರಿಯರು ಇಂದಿಗೂ ಹೇಳುತ್ತಾರೆ. ಸ್ವಂತ ಜನರನ್ನು ಹೆದರಿಸಲು ಬೆಳೆಸಿದ ಪಡೆ ನಿಜವಾದ ಸೇನೆ ಎದುರಾದಾಗ ಯಾವ ಕೆಲಸಕ್ಕೂ ಬರಲಿಲ್ಲ.

ಇನ್ನು ಹಣಕಾಸು. ಹಿಟ್ಲರ್ ನಿರುದ್ಯೋಗ ನೀಗಿಸಿದ, ರಸ್ತೆ ಕಟ್ಟಿಸಿದ ಎಂಬ ಮಾತನ್ನು ಚರ್ಚೆಯಲ್ಲಿ ಯಾರಾದರೂ ಖಂಡಿತ ಎತ್ತುತ್ತಾರೆ. ಲೆಕ್ಕ ಬರೆಯುವವರಾದ ನೀವು ಆ ಹಣ ಎಲ್ಲಿಂದ ಬಂತೆಂದು ಕೇಳಿ. ಮೆಫೊ ಎಂಬ ಕಾಗದದ ಕಂಪನಿಯನ್ನು ಸೃಷ್ಟಿಸಿ, ಅದರ ಹೆಸರಿನ ಹುಂಡಿಗಳ ಮೂಲಕ ಶಸ್ತ್ರಾಸ್ತ್ರ ತಯಾರಕರಿಗೆ ಹಣ ಪಾವತಿ ಮಾಡಲಾಯಿತು. ಸಾಲ ಸರ್ಕಾರದ ಬಜೆಟ್‌ನಲ್ಲಿ ಕಾಣುತ್ತಿರಲಿಲ್ಲ. 1938ರ ಹೊತ್ತಿಗೆ ಅದು ಸುಮಾರು 1,200 ಕೋಟಿ ಮಾರ್ಕ್ ತಲುಪಿತ್ತು. ಇದನ್ನು ಹೆಣೆದ ಶಾಖ್ಟ್ ಎಂಬ ಬ್ಯಾಂಕರನೇ, ಇನ್ನು ಸಾಕು, ಬೆಲೆಗಳು ಕೈಮೀರುತ್ತವೆ ಎಂದು ಎಚ್ಚರಿಸಿದ. 1939ರ ಜನವರಿಯಲ್ಲಿ ಅವನನ್ನು ಜರ್ಮನಿಯ ಕೇಂದ್ರ ಬ್ಯಾಂಕಾದ ರೈಖ್ಸ್‌ಬ್ಯಾಂಕಿನಿಂದ ತೆಗೆದುಹಾಕಲಾಯಿತು. ಮುಂದೆ ಉಳಿದ ದಾರಿ ಒಂದೇ, ಆಕ್ರಮಿಸಿದ ದೇಶಗಳನ್ನು ಲೂಟಿ ಮಾಡುವುದು. ಲೂಟಿಯ ಧಾನ್ಯ, ಎಣ್ಣೆ, ಅದಿರು ಒಮ್ಮೆ ಸಿಗುತ್ತದೆ, ನಂತರ ಅಲ್ಲಿ ಬೆಳೆಯುವವರೂ ಅಗೆಯುವವರೂ ಇರುವುದಿಲ್ಲ. 1944ರಲ್ಲಿ ಜರ್ಮನಿಯಲ್ಲಿ ದುಡಿಯುತ್ತಿದ್ದ ವಿದೇಶಿಯರು ಮತ್ತು ಕೈದಿಗಳ ಸಂಖ್ಯೆ 70 ಲಕ್ಷ ಮೀರಿತ್ತು. ಅವರಲ್ಲಿ ಬಹುಪಾಲು ಜನರನ್ನು ಬಲವಂತದಿಂದ ಎಳೆದು ತರಲಾಗಿತ್ತು. ಹಸಿದವನಿಂದ, ಹೊಡೆತ ತಿಂದವನಿಂದ, ಒಳಗೊಳಗೇ ನಿಮ್ಮ ಸೋಲು ಬಯಸುವವನಿಂದ ಗುಣಮಟ್ಟದ ಕೆಲಸ ಬರುವುದಿಲ್ಲ. ಇದು ಆರ್ಥಿಕತೆಯ ಮಾತಾಯಿತು, ಅದಕ್ಕಿಂತ ಮುಂಚೆ ಅದು ಘೋರ ಪಾಪ.

ಓಡಿಸಲ್ಪಟ್ಟ ಬುದ್ಧಿಯ ಲೆಕ್ಕವೂ ಇದೆ. ಯಹೂದಿ ಮೂಲದವರೆಂದು 1933ರಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳಿಂದ ವಿಜ್ಞಾನಿಗಳನ್ನು ಹೊರಹಾಕಿದಾಗ ಗಟಿಂಗೆನ್‌ನಲ್ಲಿ ಹುದ್ದೆ ಕಳೆದುಕೊಂಡ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಇಟಲಿಯಿಂದ ಎನ್ರಿಕೊ ಫೆರ್ಮಿ 1938ರಲ್ಲಿ ಹೊರಟು ಅಮೆರಿಕ ಸೇರಿದರು. ಇವರನ್ನು ಕಳೆದುಕೊಂಡ ದೇಶ ಆ ನಷ್ಟವನ್ನು ಯಾವ ಲೂಟಿಯಿಂದಲೂ ತುಂಬಿಕೊಳ್ಳಲಾಗಲಿಲ್ಲ.

ಹಿಟ್ಲರನ ಎದುರು ನಿಂತ ಪ್ರಜಾಪ್ರಭುತ್ವ ದೇಶಗಳಲ್ಲೂ ದುಂದು, ಲಂಚ ಇದ್ದವು. ವ್ಯತ್ಯಾಸವಿದ್ದದ್ದು ಅವನ್ನು ಬಯಲಿಗೆ ಎಳೆಯುವ ವ್ಯವಸ್ಥೆಯಲ್ಲಿ. 1941ರಲ್ಲಿ ಅಮೆರಿಕದ ಸೆನೆಟ್, ಹ್ಯಾರಿ ಟ್ರೂಮನ್ ನೇತೃತ್ವದಲ್ಲಿ ಸಮಿತಿ ರಚಿಸಿ ಸೇನಾ ಗುತ್ತಿಗೆಗಳ ಅವ್ಯವಹಾರವನ್ನು ಯುದ್ಧ ನಡೆಯುತ್ತಿರುವಾಗಲೇ ತನಿಖೆ ಮಾಡಿತು. 1942ರ ಜುಲೈನಲ್ಲಿ, ಸೋಲಿನ ಮೇಲೆ ಸೋಲು ಬರುತ್ತಿದ್ದ ಹೊತ್ತಿನಲ್ಲಿ, ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚಿಲ್ ವಿರುದ್ಧ ಅವಿಶ್ವಾಸ ನಿರ್ಣಯ ಬಂತು. ಅದು 475ಕ್ಕೆ 25 ಮತಗಳಿಂದ ಬಿದ್ದುಹೋಯಿತು, ಆದರೆ ಚರ್ಚಿಲ್ ಎದ್ದು ನಿಂತು ಉತ್ತರ ಕೊಡಬೇಕಾಯಿತು. ಅದೇ ಬ್ರಿಟನ್, ತನ್ನ ಸಂಸತ್ತಿಗೆ ಮತ ಹಾಕುವ ಹಕ್ಕಿಲ್ಲದ ಬಂಗಾಳದಲ್ಲಿ 1943ರಲ್ಲಿ ಏನು ಮಾಡಿತು ಎಂಬುದನ್ನು ನಿಮ್ಮ ಮಗಳು ಮರೆಯದೆ ಹೇಳಬೇಕು. ಅಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಹಸಿವೆಯಿಂದಲೂ ರೋಗದಿಂದಲೂ ಸತ್ತರು. ತನ್ನ ಜನರಿಗೆ ಉತ್ತರ ಕೊಡುತ್ತಿದ್ದ ಸರ್ಕಾರವೇ ನಮ್ಮವರಿಗೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಈಗ ಸ್ಟಾಲಿನ್. ಅವನು ಗೆದ್ದದ್ದು ಸರ್ವಾಧಿಕಾರದ ಬಲದಿಂದ ಎನ್ನುವವರು 1941 ಮತ್ತು 1944ರ ಸ್ಟಾಲಿನ್ ಇಬ್ಬರನ್ನೂ ಒಂದೇ ಎಂದು ತಿಳಿಯುತ್ತಾರೆ. 1941ರ ಜುಲೈ ಕೊನೆಯಲ್ಲಿ ಕೀವ್ ಬಿಟ್ಟು ಹಿಂದೆ ಸರಿಯೋಣ ಎಂದ ಝೂಕೊವ್‌ನನ್ನು ಸೇನಾ ಮುಖ್ಯಸ್ಥನ ಸ್ಥಾನದಿಂದ ತೆಗೆದ. ಸೆಪ್ಟೆಂಬರ್‌ನಲ್ಲಿ ಕೀವ್ ಬಳಿ ಸುತ್ತುವರಿಯಲ್ಪಟ್ಟು ಸೆರೆಯಾದವರು, ಜರ್ಮನರ ಲೆಕ್ಕದ ಪ್ರಕಾರ, ಆರು ಲಕ್ಷಕ್ಕೂ ಹೆಚ್ಚು. ಆ ಏಟಿನ ನಂತರ ನಿಧಾನವಾಗಿ ಬದಲಾದ. 1942ರ ಅಕ್ಟೋಬರಿನಲ್ಲಿ ಸೇನಾಧಿಕಾರಿಯ ಮೇಲೆ ಕಣ್ಣಿಡಲು ಪಕ್ಷ ನೇಮಿಸಿದ್ದ ಕಮಿಸಾರ್ ಎಂಬ ಅಧಿಕಾರಿಗಿದ್ದ ಸಮಾನ ಅಧಿಕಾರವನ್ನು ರದ್ದು ಮಾಡಿದ. 1944ರಲ್ಲಿ ಬೆಲಾರೂಸ್ ದಾಳಿಯ ಯೋಜನೆ ನಡೆಯುವಾಗ ರೊಕೊಸೊವ್ಸ್ಕಿ ಎಂಬ ಸೇನಾಪತಿ ಎರಡು ಕಡೆಯಿಂದ ದಾಳಿ ಮಾಡಬೇಕು ಎಂದ. ಹೊರಗೆ ಹೋಗಿ ಯೋಚಿಸಿಕೊಂಡು ಬಾ ಎಂದು ಸ್ಟಾಲಿನ್ ಅವನನ್ನು ಎರಡು ಸಲ ಕೋಣೆಯಿಂದಾಚೆ ಕಳಿಸಿದ. ಎರಡೂ ಸಲ ಅವನು ಮರಳಿ ಬಂದು ಅದೇ ಮಾತು ಹೇಳಿದ, ಕೊನೆಗೆ ಅವನ ಮಾತೇ ನಡೆಯಿತು. ಇದೇ ರೊಕೊಸೊವ್ಸ್ಕಿಯನ್ನು 1937ರಲ್ಲಿ ಬಂಧಿಸಿ ಹಲ್ಲು ಉದುರುವಂತೆ ಹೊಡೆಸಲಾಗಿತ್ತು. ಹಿಟ್ಲರ್ ಇದಕ್ಕೆ ತಿರುಗುಮುರುಗಾಗಿ ನಡೆದ. 1941ರ ಡಿಸೆಂಬರ್ 19ರಂದು ಭೂಸೇನೆಯ ನೇರ ಅಧಿಕಾರವನ್ನು ತಾನೇ ವಹಿಸಿಕೊಂಡ, ಎದುರಾಡಿದವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸಿದ. ಸೋವಿಯತ್ ಗೆಲುವಿನಲ್ಲಿ ಅಮೆರಿಕ ಕೊಟ್ಟ ಸುಮಾರು ನಾಲ್ಕು ಲಕ್ಷ ಲಾರಿ, ಜೀಪುಗಳ ಪಾಲೂ ಇದೆ, ಸುಮಾರು 2.7 ಕೋಟಿ ಜನರ ಸಾವೂ ಇದೆ. ಅಷ್ಟು ಬೆಲೆ ತೆತ್ತದ್ದನ್ನು ವ್ಯವಸ್ಥೆಯ ಹೆಗ್ಗಳಿಕೆ ಎನ್ನಲು ನನಗೆ ನಾಲಿಗೆ ಬಾರದು.

ಹಾಗಾದರೆ ಯುದ್ಧದಲ್ಲಿ ಸಿಕ್ಕಿಕೊಂಡ ಸರ್ವಾಧಿಕಾರಿಯ ಮುಂದೆ ಯಾವ ದಾರಿಗಳಿವೆ? ಹಿಡಿತ ಇನ್ನಷ್ಟು ಬಿಗಿ ಮಾಡಬಹುದು. ಗದ್ದುಗೆ ಸದ್ಯಕ್ಕೆ ಉಳಿಯುತ್ತದೆ, ಯುದ್ಧ ಕೈತಪ್ಪುತ್ತದೆ. ಸ್ಟಾಲಿನ್‌ನಂತೆ ಸೇನಾಪತಿಗಳಿಗೆ ಹಗ್ಗ ಸಡಿಲಿಸಬಹುದು. ಸದ್ದಾಂ ಕೂಡ 1986ರಲ್ಲಿ ಫಾವ್ ಪರ್ಯಾಯದ್ವೀಪ ಇರಾನಿನ ಪಾಲಾದ ಮೇಲೆ ಹಾಗೆ ಮಾಡಿದ, 1988ರ ಏಪ್ರಿಲ್‌ನಲ್ಲಿ ಅವನ ಸೇನೆ ಎರಡೇ ದಿನಗಳಲ್ಲಿ ಅದನ್ನು ಮರಳಿ ಪಡೆಯಿತು. ಗೆದ್ದ ಸೇನಾಪತಿ ಗದ್ದುಗೆಗೆ ಕಂಟಕ ಎಂಬ ಹಳೆಯ ಭಯ ಅಲ್ಲಿ ಮತ್ತೆ ತಲೆಯೆತ್ತುತ್ತದೆ. ಆದ್ದರಿಂದಲೇ ಶಾಂತಿ ಬಂದೊಡನೆ ಸ್ಟಾಲಿನ್ ಝೂಕೊವ್‌ನನ್ನು ಮೂಲೆಗೆ ತಳ್ಳಿದ. ಮೂರನೆಯದು, ಒಳಗಿನ ಸಂಕಟ ಮರೆಸಲು ಹೊಸ ಯುದ್ಧಕ್ಕೆ ಕೈಹಾಕುವುದು. ಎಂಟು ವರ್ಷದ ಯುದ್ಧದ ಸಾಲ ಹೊತ್ತ ಸದ್ದಾಂ 1990ರಲ್ಲಿ ಕುವೈತ್ ನುಂಗಲು ಹೋದ. ಬೆಲೆಯೇರಿಕೆಯಿಂದ ಜನ ಬೀದಿಗಿಳಿದಿದ್ದಾಗ ಅರ್ಜೆಂಟೀನಾದ ಸೇನಾಡಳಿತಗಾರ ಗಾಲ್ಟಿಯೇರಿ 1982ರ ಏಪ್ರಿಲ್ 2ರಂದು ಬ್ರಿಟನ್ನಿನ ಹಿಡಿತದಲ್ಲಿದ್ದ ಫಾಕ್ಲೆಂಡ್ ದ್ವೀಪಗಳಿಗೆ ಸೇನೆ ಇಳಿಸಿದ. ಜೂನ್ 14ಕ್ಕೆ ಆ ಸೇನೆ ಶರಣಾಯಿತು, ಅದೇ ವಾರ ಅವನ ಕುರ್ಚಿ ಹೋಯಿತು.

ಚರ್ಚೆಗೆ ನಿಲ್ಲುವ ನಿಮ್ಮ ಮಗಳಿಗೆ ಒಂದು ಎಚ್ಚರಿಕೆ. ಪ್ರಜಾಪ್ರಭುತ್ವ ಯುದ್ಧದಲ್ಲಿ ತಪ್ಪೇ ಮಾಡುವುದಿಲ್ಲ ಎಂದು ವಾದಿಸಿದರೆ ಎದುರಾಳಿ 1962 ಎಂಬ ಒಂದೇ ಪದದಿಂದ ಕೆಡವುತ್ತಾನೆ. ಅಂದು ನಮ್ಮಲ್ಲೂ ಅಪ್ರಿಯ ಸಲಹೆ ಕೇಳಿಸಿಕೊಳ್ಳುವವರಿರಲಿಲ್ಲ. ಕೊಡಗಿನ ಜನರಲ್ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟಿದ್ದರು, ಪ್ರಧಾನಿಯ ಮಾತಿನ ಮೇಲೆ ಹಿಂತೆಗೆದುಕೊಂಡರು. ಮೂರು ವರ್ಷಗಳ ನಂತರ ಚೀನಾದ ಎದುರು ಸೋಲು ಬಂತು. ಇದನ್ನು ಅವಳೇ ಮೊದಲು ಒಪ್ಪಿಕೊಂಡು ಮುಂದಿನದನ್ನು ಹೇಳಲಿ: ಯುದ್ಧ ನಡೆಯುತ್ತಿರುವಾಗಲೇ ಸ್ವಪಕ್ಷದ ಸದಸ್ಯರೇ ಮೆನನ್ ವಿರುದ್ಧ ನಿಂತರು, ಅವರು ಸಚಿವ ಸ್ಥಾನ ಬಿಡಬೇಕಾಯಿತು, ಸಂಸತ್ತು ಸೇರಿತು, ಗಡಿಯಲ್ಲಿ ಹೋರಾಡುವ ಸೇನೆಯನ್ನು ಹೊಸದಾಗಿ ಕಟ್ಟುವ ಕೆಲಸ ಆರಂಭವಾಯಿತು. ಆ ಸೋಲಿನ ಬಗೆಗಿನ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇನ್ನೂ ಅಧಿಕೃತವಾಗಿ ಪ್ರಕಟಿಸಿಲ್ಲ ಎಂದು ಎದುರಾಳಿ ಹೇಳಿದರೆ, ಅದು ನಿಜ ಎಂದು ಒಪ್ಪಿಕೊಂಡು, ಪ್ರಕಟಿಸಬೇಕು ಎಂದು ತಾನೂ ಒತ್ತಾಯಿಸಲಿ.